ಹಬ್ಬಕ್ಕೊಂದು ರಾಗ, ಮಳೆಗೊಂದು ರಾಗ: ಮನೆಗೆ ಸಂಗೀತ ಆರಿಸುವುದು ಹೇಗೆ?

ನಮ್ಮ ಮನೆಯ ಗೃಹಪ್ರವೇಶದ ದಿನ ಸಂಗೀತದ ಜವಾಬ್ದಾರಿ ನನ್ನ ತಲೆಗೆ ಬಿದ್ದಿತ್ತು. ಹಿಂದಿನ ರಾತ್ರಿ ಕೂತು ಪಟ್ಟಿ ಮಾಡಿದೆ. ಹೆಸರಲ್ಲೇ ‘ಶುಭ’ ಇದೆಯಲ್ಲ ಅಂದುಕೊಂಡು ಶುಭಪಂತುವರಾಳಿ ರಾಗದ ಕೊಳಲನ್ನು ಎಲ್ಲಕ್ಕಿಂತ ಮೊದಲು ಇಟ್ಟೆ. ಬೆಳಿಗ್ಗೆ ಆರೂವರೆ. ಹಾಲು ಉಕ್ಕಿಸಲು ಒಲೆ ಹಚ್ಚಿದ್ದರು. ಕೊಳಲು ಶುರುವಾಗಿ ಐದು ನಿಮಿಷ ಆಗಿರಲಿಲ್ಲ, ದೊಡ್ಡಮ್ಮ ಕೈಯಲ್ಲಿದ್ದ ಅರಿಶಿನದ ಬಟ್ಟಲು ಕೆಳಗಿಟ್ಟು ಸೀದಾ ನನ್ನ ಹತ್ತಿರ ಬಂದರು. “ಏನೋ ಇದು? ಹಾಲು ಉಕ್ಕೋ ಹೊತ್ತಲ್ಲಿ ಯಾರೋ ಅತ್ತಂಗೆ ಕೇಳಿಸ್ತಿದೆಯಲ್ಲೋ!”

ದೊಡ್ಡಮ್ಮ ಸಂಗೀತ ಕಲಿತವರಲ್ಲ. ಆದರೆ ಅವರ ಕಿವಿ ಸರಿಯಾಗಿಯೇ ಇತ್ತು. ಶುಭಪಂತುವರಾಳಿ ಕರ್ನಾಟಕ ಸಂಗೀತದ ತೀರಾ ನೋವಿನ ರಾಗಗಳಲ್ಲಿ ಒಂದು. ಹಿಂದೂಸ್ತಾನಿಯಲ್ಲಿ ತೋಡಿ ಅನ್ನುತ್ತಾರಲ್ಲ, ಹೆಚ್ಚುಕಮ್ಮಿ ಅದೇ ಸ್ವರಗಳು. ನಾನು ಹೆಸರು ನೋಡಿ ಆರಿಸಿದ್ದೆ. ಅವರು ಕೇಳಿ ತಿರಸ್ಕರಿಸಿದರು.

ಅಂದಿನಿಂದ ಪಟ್ಟಿ ಮಾಡುವಾಗ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ಹೊತ್ತು ಯಾವುದು ಅಂತ ನೋಡುತ್ತೇನೆ. ಆಮೇಲೆ ಕಿಟಕಿಯಾಚೆ ಬಿಸಿಲೋ ಮಳೆಯೋ ಅಂತ. ಹಬ್ಬ, ದೇವರು ಮೂರನೆಯದು. ಇವೆಲ್ಲಕ್ಕಿಂತ ಮುಖ್ಯವಾದದ್ದು ಆ ಹೊತ್ತಿನಲ್ಲಿ ಮನೆಯವರು ಏನು ಮಾಡುತ್ತಿರುತ್ತಾರೆ ಅನ್ನುವುದು. ಅದನ್ನು ನಾನು ಕಲಿತದ್ದು ತಡವಾಗಿ. ನೀವೂ ಇದೇ ಕ್ರಮ ಹಿಡಿದರೆ ರಾಗಗಳ ಪರಿಚಯ ಜಾಸ್ತಿ ಇಲ್ಲದಿದ್ದರೂ ದೊಡ್ಡ ತಪ್ಪು ಆಗುವುದಿಲ್ಲ.

ಮೊದಲು ಹೊತ್ತು ನೋಡಿ

ಹಿಂದೂಸ್ತಾನಿ ಪದ್ಧತಿಯಲ್ಲಿ ದಿನಕ್ಕೆ ಎಂಟು ಪ್ರಹರ. ಒಂದೊಂದು ಮೂರು ಗಂಟೆಯದು. ಬಹುತೇಕ ರಾಗಗಳಿಗೆ ಇಂಥದ್ದೇ ಹೊತ್ತು ಅಂತ ಇದೆ. ಬೆಳಗಿನ ಜಾವಕ್ಕೆ ಲಲಿತ್, ಸೂರ್ಯ ಹುಟ್ಟುವಾಗ ಭೈರವ್, ಅಹಿರ್ ಭೈರವ್. ಬಿಸಿಲೇರಿದ ಮೇಲೆ ತೋಡಿ. ನಡುಮಧ್ಯಾಹ್ನಕ್ಕೆ ಸಾರಂಗ್ ಕುಟುಂಬ. ಊಟ ಮುಗಿಸಿ ಮಲಗೆದ್ದ ಮೇಲೆ ಭೀಮಪಲಾಸಿ, ಆಮೇಲೆ ಮುಲ್ತಾನಿ. ದೀಪ ಹಚ್ಚುವ ಹೊತ್ತಿಗೆ ಪೂರಿಯಾ ಧನಾಶ್ರೀ, ಮಾರವಾ. ಕತ್ತಲಾದ ಮೇಲೆ ಯಮನ್. ಇಷ್ಟು ನೆನಪಿದ್ದರೆ ಅರ್ಧ ಕೆಲಸ ಆದಂತೆ.

ಕರ್ನಾಟಕ ಸಂಗೀತದಲ್ಲಿ ಈ ಕಟ್ಟುನಿಟ್ಟು ಇಲ್ಲ. ಕಛೇರಿಗಳು ಸಾಮಾನ್ಯವಾಗಿ ಸಂಜೆಯೇ ನಡೆಯುತ್ತವೆ. ಹಾಗಾಗಿ ಬೆಳಗಿನ ಬಿಲಹರಿಯೂ ಸಂಜೆ ಆರಕ್ಕೇ ಬರುತ್ತದೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೂ ಭೂಪಾಳ, ಬೌಳಿ, ಮಲಯಮಾರುತ ಬೆಳಿಗ್ಗೆ ಕೇಳಿದರೇ ಚೆನ್ನ. ನೀಲಾಂಬರಿ ಅಂತೂ ರಾತ್ರಿಗೇ ಸರಿ. ಮಗುವಿಗೆ ಜೋಗುಳ ಹಾಡುವ ರಾಗ ಅದು. ತೊಟ್ಟಿಲು ಶಾಸ್ತ್ರಕ್ಕೆ ಏನು ಹಾಕಲಿ ಅಂತ ಕೇಳುವವರಿಗೆ ನಾನು ಎರಡನೇ ಯೋಚನೆ ಇಲ್ಲದೆ ಹೇಳುವುದು ನೀಲಾಂಬರಿ.

ವಿದೇಶದಲ್ಲಿರುವವರಿಗೆ ಒಂದು ಮಾತು. ಗಡಿಯಾರ ನಂಬಬೇಡಿ, ಸೂರ್ಯನನ್ನು ನಂಬಿ. ಲಂಡನ್ನಿನಲ್ಲಿ ಜೂನ್ ತಿಂಗಳು ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತು ದಾಟಿದ ಮೇಲೆ. ಅಲ್ಲಿ ಸಂಜೆ ಆರಕ್ಕೆ ಮಾರವಾ ಹಾಕಿದರೆ ಹೊರಗೆ ಸುಡುಬಿಸಿಲು, ಒಳಗೆ ಮುಸ್ಸಂಜೆ. ಡಿಸೆಂಬರಿನಲ್ಲಿ ನಾಲ್ಕಕ್ಕೇ ಕತ್ತಲು. ಆಗ ನಾಲ್ಕಕ್ಕೇ ಹಾಕಿ.

ಆಮೇಲೆ ಕಿಟಕಿಯಾಚೆ ನೋಡಿ

ಋತುವಿಗೆ ಹೊಂದುವ ರಾಗಗಳು ಹಿಂದೂಸ್ತಾನಿಯಲ್ಲೇ ಜಾಸ್ತಿ. ಅದರಲ್ಲೂ ಎರಡು ಕಾಲಕ್ಕೆ ಬೇಕಾದಷ್ಟಿವೆ: ಮಳೆಗಾಲ ಮತ್ತು ವಸಂತ. ಈ ರಾಗಗಳಿಗೆ ಒಂದು ರಿಯಾಯಿತಿಯೂ ಇದೆ. ಅವುಗಳ ಋತುವಿನಲ್ಲಿ ಯಾವ ಹೊತ್ತಿಗಾದರೂ ಹಾಡಬಹುದು. ಮಳೆ ಬೆಳಿಗ್ಗೆ ಬಂದರೆ ಬೆಳಿಗ್ಗೆಯೇ ಮಲ್ಹಾರ್.

ಮಲ್ಹಾರ್ ಅಂದರೆ ಒಂದೇ ರಾಗ ಅಲ್ಲ, ಒಂದು ದೊಡ್ಡ ಮನೆತನ. ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ನಮ್ಮಲ್ಲಿ ಮಳೆಯೂ ಒಂದೇ ತರಹದ್ದಲ್ಲ. ಮೃಗಶಿರಾ ಮಳೆ ಬೇರೆ, ಆರಿದ್ರಾ ಬೇರೆ, ಆಶ್ಲೇಷಾ ಬೇರೆ. ಬೆಂಗಳೂರಿನ ಸಂಜೆಯ ಗುಡುಗು ಮಳೆಗೂ ತೀರ್ಥಹಳ್ಳಿಯಲ್ಲಿ ವಾರಗಟ್ಟಲೆ ಹಿಡಿದು ಬಿಡದ ಜಡಿಮಳೆಗೂ ಏನು ಸಂಬಂಧ?

ಮೋಡ ಕವಿದು ಗುಡುಗುತ್ತಿದೆ, ಇನ್ನೇನು ಸುರಿಯಬೇಕು ಅನ್ನುವಾಗ ಮಿಯಾಂ ಮಲ್ಹಾರ್. ತಾನ್‌ಸೇನ್ ಹೆಸರಿನೊಂದಿಗೆ ಬಂದ ರಾಗ. ಇದರಲ್ಲಿ ಎರಡು ನಿಷಾದಗಳಿವೆ, ಅಂದರೆ ‘ನಿ’ ಸ್ವರದ ಎರಡು ರೂಪ. ಗಾಯಕರು ಮಂದ್ರದಲ್ಲಿ, ಅಂದರೆ ಕೆಳಗಿನ ಸ್ಥಾಯಿಯಲ್ಲಿ, ಆ ಎರಡರ ನಡುವೆ ಧೈವತವನ್ನು (‘ದ’) ಸವರಿಕೊಂಡು ಷಡ್ಜಕ್ಕೆ (‘ಸ’) ಬರುವಾಗ, ದೂರದಲ್ಲಿ ಗುಡುಗು ಉರುಳಿದಂತೆಯೇ ಕೇಳುತ್ತದೆ. ಕೋಮಲ ಗಾಂಧಾರ, ಅಂದರೆ ತಗ್ಗಿಸಿದ ‘ಗ’, ಒಂದೇ ಕಡೆ ನಿಲ್ಲದೆ ತೂಗಾಡುತ್ತದೆ. ಗದಗಿನ ಭೀಮಸೇನ ಜೋಶಿಯವರ ಧ್ವನಿಯಲ್ಲಿ ಇದನ್ನು ಒಮ್ಮೆ ಕೇಳಿ. ಕಿಟಕಿ ಮುಚ್ಚಬೇಡಿ.

ಬಿಸಿಲು ಮಳೆ ಎರಡೂ ಒಟ್ಟಿಗೆ ಬಂದ ದಿನಕ್ಕೆ ಗೌಡ್ ಮಲ್ಹಾರ್. ಇದು ಗಂಭೀರ ಅಲ್ಲ, ಕುಣಿಯುವ ಮಳೆ. ಮಕ್ಕಳು ಅಂಗಳದಲ್ಲಿ ಕಾಗದದ ದೋಣಿ ಬಿಡುತ್ತಿದ್ದರೆ, ಒಳಗೆ ಮೆಣಸಿನಕಾಯಿ ಬೋಂಡ ಕರಿಯುತ್ತಿದ್ದರೆ ಇದೇ ಇರಲಿ. ಮೋಡ ಮಾತ್ರ ಸೇರಿದೆ, ಗಾಳಿ ನಿಂತಿದೆ, ಇನ್ನೂ ಹನಿ ಬಿದ್ದಿಲ್ಲ ಅನ್ನುವಾಗ ಮೇಘ್. ಅದು ನಮ್ಮ ಮಧ್ಯಮಾವತಿಯ ಸ್ವರಗಳನ್ನೇ ಇಟ್ಟುಕೊಂಡ ರಾಗ. ನಡಿಗೆ ಮಾತ್ರ ಬೇರೆ. ರಾತ್ರಿಯ ಜಿಟಿಜಿಟಿ ಮಳೆಗೆ ದೇಸ್ ಸಾಕು, ಅದರಲ್ಲೂ ಸಿತಾರ್.

ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿ ಮಧ್ಯಪ್ರದೇಶದ ದೇವಾಸ್‌ನಲ್ಲಿ ನೆಲೆಸಿದ ಕುಮಾರ ಗಂಧರ್ವರು ಋತುಗಳನ್ನೇ ಹಿಡಿದು ‘ಗೀತ ವರ್ಷಾ’, ‘ಗೀತ ಹೇಮಂತ’, ‘ಗೀತ ವಸಂತ’ ಅಂತ ಇಡೀ ಕಾರ್ಯಕ್ರಮಗಳನ್ನು ಕಟ್ಟಿದ್ದರು. ಮಾಳವದ ಜನಪದ ಹಾಡುಗಳನ್ನೂ ಜೊತೆಗೆ ಸೇರಿಸಿಕೊಂಡಿದ್ದರು. ಋತುವಿಗೆ ತಕ್ಕ ಪಟ್ಟಿ ಮಾಡುವುದು ಹೇಗೆ ಅಂತ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಒಂದು ಗಂಭೀರ, ಒಂದು ಹಗುರ, ಒಂದು ಹಳ್ಳಿಯದು.

ಕರ್ನಾಟಕ ಸಂಗೀತದಲ್ಲಿ ಮಳೆ ಅಂದ ಕೂಡಲೇ ಎಲ್ಲರೂ ಅಮೃತವರ್ಷಿಣಿ ಅನ್ನುತ್ತಾರೆ. ಬರ ಬಿದ್ದ ತಮಿಳುನಾಡಿನ ಎಟ್ಟಯಪುರದ ದಾರಿಯಲ್ಲಿ ಕೃತಿಕಾರ ಮುತ್ತುಸ್ವಾಮಿ ದೀಕ್ಷಿತರು ಆ ರಾಗದಲ್ಲಿ ಕೃತಿ ಹಾಡಿ ಮಳೆ ಬರಿಸಿದರು ಅನ್ನುವ ಕತೆ ಗೊತ್ತಲ್ವಾ? ಆ ಕತೆಯನ್ನು ನಂಬುವುದಾದರೆ ಅಮೃತವರ್ಷಿಣಿ ಹಾಕಬೇಕಾದದ್ದು ಮಳೆ ಬಾರದಿದ್ದಾಗ. ಕೆರೆ ಕೋಡಿ ಬಿದ್ದು ರಸ್ತೆ ಮೇಲೆ ನೀರು ಹರಿಯುವಾಗ ಅಲ್ಲ.

ಇನ್ನು ವಸಂತ. ಬಸಂತ್, ಬಹಾರ್, ಹಿಂಡೋಲ್ ಈ ಮೂರು ಸಾಕು. ಬಹಾರ್‌ನಲ್ಲಿ ಒಂದು ಮೋಜಿದೆ. ಅದರ ಸ್ವರಗಳೂ ಮಿಯಾಂ ಮಲ್ಹಾರ್‌ನ ಸ್ವರಗಳೂ ಒಂದೇ. ಅದೇ ಕೋಮಲ ಗಾಂಧಾರ, ಅವೇ ಎರಡು ನಿಷಾದ. ಆದರೆ ಮಿಯಾಂ ಮಲ್ಹಾರ್ ಕೆಳಗೆ ಕೂತು ನಿಧಾನವಾಗಿ ಉರುಳುತ್ತದೆ. ಬಹಾರ್ ಮೇಲಕ್ಕೆ ನೆಗೆದು ಅಲ್ಲೇ ಆಡುತ್ತದೆ. ಒಂದರ ಹಿಂದೆ ಒಂದು ಹಾಕಿಕೊಂಡು ಕೇಳಿ. ಅದೇ ಹಿಟ್ಟಿನಲ್ಲಿ ರೊಟ್ಟಿಯೂ ಆಗುತ್ತದೆ, ನಿಪ್ಪಟ್ಟೂ ಆಗುತ್ತದೆ.

ಹೆಸರಿನಲ್ಲಿ ಮೋಸ ಹೋಗುವ ಜಾಗವೂ ಇದೇ. ಕರ್ನಾಟಕದ ವಸಂತವೂ ಹಿಂದೂಸ್ತಾನಿಯ ಬಸಂತ್ ಕೂಡ ಬೇರೆ ಬೇರೆ ರಾಗ. ಕರ್ನಾಟಕದ ಹಿಂದೋಳ ಅಂದರೆ ಹಿಂದೂಸ್ತಾನಿಯ ಮಾಲ್ಕೌಂಸ್, ಮಧ್ಯರಾತ್ರಿಯ ರಾಗ. ಹಿಂದೂಸ್ತಾನಿಯ ಹಿಂಡೋಲ್ ಬೇರೆಯೇ. ಯುಗಾದಿ ಬೆಳಿಗ್ಗೆಗೆ ‘ಹಿಂದೋಳ’ ಅಂತ ಹುಡುಕಿ, ಮಾಲ್ಕೌಂಸ್ ಸಿಕ್ಕಿ, ಬೇವುಬೆಲ್ಲದ ಹೊತ್ತಿಗೆ ನಿದ್ದೆ ಬರಿಸಿಕೊಂಡವರು ಇದ್ದಾರೆ. ನಾನೂ ಅವರಲ್ಲಿ ಒಬ್ಬ.

ಬೇಸಿಗೆಗೂ ಚಳಿಗೂ ಆಯ್ಕೆ ಕಡಿಮೆ. ಏಪ್ರಿಲ್ ಮಧ್ಯಾಹ್ನ ಫ್ಯಾನ್ ಕೆಳಗೆ ಚಾಪೆ ಹಾಸಿಕೊಂಡು ಕೇಳಲು ವೃಂದಾವನಿ ಸಾರಂಗ್ ಬಾನ್ಸುರಿ. ಚಳಿಗಾಲದ ರಾತ್ರಿಗೆ ಹೇಮಂತ್ ರಾಗ. ಅಲ್ಲಾವುದ್ದೀನ್ ಖಾನ್ ಅವರ ಕೊಡುಗೆ ಅದು, ಸಿತಾರ್ ಸರೋದ್‌ಗಳಲ್ಲೇ ಹೆಚ್ಚು ಸಿಗುತ್ತದೆ.

ಸಿಡ್ನಿ, ಮೆಲ್ಬರ್ನ್‌ನಲ್ಲಿರುವವರಿಗೆ ಯುಗಾದಿ ಬರುವುದೇ ಎಲೆ ಉದುರುವ ಕಾಲದಲ್ಲಿ. ಆಗ ಬಸಂತ್ ಹಾಕಬೇಕೋ ಬೇಡವೋ? ಹಾಕಿ. ಹಬ್ಬ ಊರಿನದು, ವಸಂತವೂ ಊರಿನದೇ ಇರಲಿ.

ಹಬ್ಬಕ್ಕೆ: ಸಾಹಿತ್ಯ ಮುಂದೆ, ರಾಗ ಹಿಂದೆ

ಹಬ್ಬದ ದಿನ ಮನೆಯಲ್ಲಿ ಎಲ್ಲರಿಗೂ ರಾಗ ಗೊತ್ತಿರುವುದಿಲ್ಲ, ಮಾತು ಗೊತ್ತಾಗುತ್ತದೆ. ಹಾಗಾಗಿ ಇಲ್ಲಿ ಹಾಡಿನ ಸಾಹಿತ್ಯ ನೋಡಿ ಆರಿಸಿ. ಕರ್ನಾಟಕ ಸಂಗೀತ ಮತ್ತು ದಾಸರ ಪದಗಳು ಈ ವಿಷಯದಲ್ಲಿ ಉಗ್ರಾಣ ಇದ್ದಂತೆ.

ಗಣೇಶನ ಹಬ್ಬಕ್ಕೆ ಹಂಸಧ್ವನಿಯ ‘ವಾತಾಪಿ ಗಣಪತಿಂ’ ಇದ್ದೇ ಇರುತ್ತದೆ. ಬೇಡ ಅಂತಲ್ಲ. ಆದರೆ ಅದೇ ಕೃತಿ ನಾಲ್ಕು ಮನೆಯಲ್ಲಿ ಒಟ್ಟಿಗೆ ಕೇಳುವಾಗ ಮೈಸೂರು ವಾಸುದೇವಾಚಾರ್ಯರ ‘ಪ್ರಣಮಾಮ್ಯಹಂ’ ಹಾಕಿ ನೋಡಿ. ಗೌಳ ರಾಗ, ಗಟ್ಟಿ ಹೆಜ್ಜೆ. ಹಿಂದಿನ ದಿನ ಗೌರಿಗೆ ಮುತ್ತಯ್ಯ ಭಾಗವತರ ‘ಹಿಮಗಿರಿ ತನಯೇ’, ಶುದ್ಧ ಧನ್ಯಾಸಿಯಲ್ಲಿ. ಸಂಗೀತ ಕಲಿಯುತ್ತಿರುವ ಮಗು ಮನೆಯಲ್ಲಿದ್ದರೆ ರೆಕಾರ್ಡು ನಿಲ್ಲಿಸಿ ಅದರ ಕೈಲಿ ಪುರಂದರದಾಸರ ‘ಲಂಬೋದರ ಲಕುಮಿಕರ’ ಹಾಡಿಸಿ. ಮಲಹರಿ ರಾಗದ ಪಿಳ್ಳಾರಿ ಗೀತೆ ಅದು. ಸ್ವರಗಳ ಅಭ್ಯಾಸ ಆದ ಮೇಲೆ ಎಲ್ಲರೂ ಹಾಡು ಕಲಿಯಲು ಶುರು ಮಾಡುವುದೇ ಇಂಥ ಗೀತೆಗಳಿಂದ. ಶ್ರುತಿ ತಪ್ಪಿದರೂ ಪರವಾಗಿಲ್ಲ.

ವರಮಹಾಲಕ್ಷ್ಮಿಗೆ ಆ ದಿನಕ್ಕಾಗಿಯೇ ಬರೆದಂಥ ಕೃತಿ ಒಂದಿದೆ. ದೀಕ್ಷಿತರ ‘ಶ್ರೀ ವರಲಕ್ಷ್ಮಿ ನಮಸ್ತುಭ್ಯಂ’, ಶ್ರೀ ರಾಗ. ಶ್ರಾವಣ ಹುಣ್ಣಿಮೆಯ ಹಿಂದಿನ ಶುಕ್ರವಾರ ಪೂಜೆ ಅನ್ನುವುದೂ ಅದರಲ್ಲಿದೆ, ವ್ರತದ ಕತೆಯ ಚಾರುಮತಿಯ ಹೆಸರೂ ಇದೆ. ಕತೆ ಓದುವ ಮೊದಲು ಇದನ್ನು ಹಾಕಿದರೆ ಕೇಳಿದವರು “ಅಯ್ಯೋ, ನಮ್ಮ ಕತೆ ಇದರಲ್ಲೇ ಇದೆಯಲ್ಲ!” ಅನ್ನುತ್ತಾರೆ. ಆರತಿಗೆ ಮಾತ್ರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಬಿಟ್ಟರೆ ಬೇರೆ ಬೇಡ. ಅದನ್ನೂ ರೆಕಾರ್ಡಿನಲ್ಲಿ ಬೇಡ, ಹೆಂಗಸರೇ ಹಾಡಲಿ.

ಕೃಷ್ಣಾಷ್ಟಮಿಗೆ ಆಯ್ಕೆ ಕಷ್ಟ, ಅಷ್ಟೊಂದಿವೆ. ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಯಮುನಾಕಲ್ಯಾಣಿಯಲ್ಲಿ, ಪುರಂದರದಾಸರ ‘ಜಗದೋದ್ಧಾರನ’ ಕಾಪಿಯಲ್ಲಿ. ಚಕ್ಕುಲಿ ಒತ್ತುವ ಹೊತ್ತಿಗೆ ಇವೆರಡು ಸಾಕು.

ದಸರೆಗೆ ಒಂಬತ್ತು ಸಂಜೆ ಇದೆ. ಅವಸರ ಬೇಡ. ನನಗೆ ಇಷ್ಟವಾದ ದಾರಿ ದಿನಕ್ಕೊಂದೇ ಕೃತಿ. ತಿರುವನಂತಪುರದ ನವರಾತ್ರಿ ಮಂಟಪದಲ್ಲಿ ಸ್ವಾತಿ ತಿರುನಾಳರ ಒಂಬತ್ತು ಕೃತಿಗಳನ್ನು ದಿನಕ್ಕೊಂದರಂತೆ ಹಾಡುತ್ತಾರೆ. ಮೊದಲ ದಿನ ಶಂಕರಾಭರಣ, ಎರಡನೇ ದಿನ ಕಲ್ಯಾಣಿ, ಹೀಗೆ ಕೊನೆಗೆ ಆರಭಿ. ಇನ್ನೊಂದು ಮಾಲೆ ದೇವಿಯ ಮೇಲೆ ದೀಕ್ಷಿತರು ಮಾಡಿದ ಕಮಲಾಂಬಾ ನವಾವರಣ. ಅದು ಭಾರವಾದದ್ದು, ಒಂದೊಂದಕ್ಕೂ ಕೂತು ಕಿವಿ ಕೊಡಬೇಕು. ಗೊಂಬೆ ನೋಡಲು ಬಂದವರ ಮಾತಿನ ನಡುವೆ ಅದನ್ನು ಹಾಕಿದರೆ ಕೃತಿಗೂ ಅನ್ಯಾಯ, ಮಾತಿಗೂ ಅನ್ಯಾಯ. ಗೊಂಬೆ ಮುಂದೆ ನಮ್ಮ ಮೈಸೂರು ಬಾನಿಯ (ಶೈಲಿಯ) ವೀಣೆ ಇರಲಿ, ಮೆಲ್ಲಗೆ. ದೊರೆಸ್ವಾಮಿ ಅಯ್ಯಂಗಾರರ ವೀಣೆ ಮಾತಾಡುವವರಿಗೆ ಅಡ್ಡ ಬರುವುದಿಲ್ಲ. ಕೇಳುವವರು ಕೇಳುತ್ತಾರೆ.

ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದಾಗ ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯ ಅಷ್ಟೋತ್ತರಕ್ಕೆ ಕನ್ನಡದಲ್ಲೇ 108 ಕೃತಿ ಮಾಡಿದರು. ಅವರದೇ ‘ಭುವನೇಶ್ವರಿಯ ನೆನೆ ಮಾನಸವೇ’ ಮೋಹನಕಲ್ಯಾಣಿಯಲ್ಲಿದೆ. ದಸರೆಗೂ ಸರಿ, ನವೆಂಬರ್ 1ಕ್ಕೂ ಸರಿ. ರಾಜ್ಯೋತ್ಸವಕ್ಕೆ ಬೀದಿಯಲ್ಲಿ ಆರ್ಕೆಸ್ಟ್ರಾ ಇರುತ್ತದೆ, ಮನೆಯೊಳಗೆ ಇದಿರಲಿ.

ಸರಸ್ವತಿ ಪೂಜೆಯ ದಿನದ ಒಂದು ಸೂಕ್ಷ್ಮ. ಪುಸ್ತಕದ ಜೊತೆ ವಾದ್ಯಗಳನ್ನೂ ಪೂಜೆಗಿಟ್ಟ ಮನೆಗಳಲ್ಲಿ ವಿಜಯದಶಮಿಯವರೆಗೆ ಅವನ್ನು ನುಡಿಸುವುದಿಲ್ಲ. ಆ ದಿನಕ್ಕೆ ಹಾಡುಗಾರಿಕೆಯೇ ಇರಲಿ ಅನ್ನುವುದು ನಮ್ಮ ಮನೆಯ ವಾಡಿಕೆ. ಪುರಂದರದಾಸರ ‘ಪಾಲಿಸೆಮ್ಮ ಮುದ್ದು ಶಾರದೆ’ಯನ್ನು ಮುಖಾರಿಯಲ್ಲಿ ಹಾಡುತ್ತಾರೆ. ಮುಖಾರಿ ಅಂದರೆ ಅಳುವ ರಾಗ ಅಂತ ದೂರ ಇಡುವವರು ಇದನ್ನೊಮ್ಮೆ ಕೇಳಬೇಕು. ಅಳು ಎಲ್ಲಿದೆ ಅದರಲ್ಲಿ?

ದೀಪಾವಳಿಯ ದಿನವೇ, 1835ರಲ್ಲಿ, ಎಟ್ಟಯಪುರದಲ್ಲಿ ದೀಕ್ಷಿತರು ತೀರಿಕೊಂಡರು. ಕೊನೆಯ ಹೊತ್ತಿನಲ್ಲಿ ಶಿಷ್ಯರು ‘ಮೀನಾಕ್ಷಿ ಮೇ ಮುದಂ’ ಹಾಡುತ್ತಿದ್ದರು ಅಂತ ಸಂಪ್ರದಾಯ ಹೇಳುತ್ತದೆ. ಸಂಗೀತದ ಮನೆಗಳಲ್ಲಿ ನರಕ ಚತುರ್ದಶಿಗೆ ಆ ಕೃತಿ ಕೇಳುವವರು ಇದ್ದಾರೆ. ಪಟಾಕಿ ಸದ್ದಿನ ಮಧ್ಯೆ ಏನೂ ಕೇಳಿಸುವುದಿಲ್ಲ. ನಸುಕಿನ ಎಣ್ಣೆ ಸ್ನಾನಕ್ಕೆ ಮುಂಚೆ ಹಾಕಿ.

ಪುಷ್ಯ ಮಾಸದಲ್ಲಿ ಎರಡು ಆರಾಧನೆ. ಬಹುಳ ಪಂಚಮಿಗೆ ತ್ಯಾಗರಾಜರದು, ಅಮಾವಾಸ್ಯೆಗೆ ಪುರಂದರದಾಸರದು. ಪಂಚಮಿಯಂದು ಪಂಚರತ್ನ, ಅಂದರೆ ತ್ಯಾಗರಾಜರ ಐದು ದೊಡ್ಡ ಕೃತಿಗಳನ್ನು ಕೇಳಿ. ಅವುಗಳ ರಾಗಗಳು: ನಾಟ, ಗೌಳ, ಆರಭಿ, ವರಾಳಿ, ಶ್ರೀ. ಮುಂದೆ ಸಾಹಿತ್ಯ ಇಟ್ಟುಕೊಂಡು ಕೇಳಿದರೆ ಗೋಷ್ಠಿಯ ಜೊತೆ ನೀವೂ ಹಾಡಬಹುದು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು, ಅಲ್ಲಿ ಹೆಂಗಸರೂ ಹಾಡಬೇಕು ಅಂತ ಹೋರಾಡಿದವರು ಬೆಂಗಳೂರು ನಾಗರತ್ನಮ್ಮ.

ರಾಮನವಮಿಗೆ ಬೆಂಗಳೂರಿನಲ್ಲಿರುವವರು ಮನೆಯಲ್ಲಿ ಕೂರಬೇಡಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ ಹೋಗಿ. 1939ರಲ್ಲಿ ಶುರುವಾದ ಶ್ರೀರಾಮಸೇವಾ ಮಂಡಳಿಯ ಚಪ್ಪರದಲ್ಲಿ ದಿನಗಟ್ಟಲೆ ಕಛೇರಿ. ಪಾನಕ ಕೋಸಂಬರಿ ಮುಗಿಸಿ ಸಂಜೆ ಹೊರಟರೆ ಸರಿ. ಪಟ್ಟಿ ಮಾಡುವ ಕೆಲಸ ಅವರೇ ಮಾಡಿರುತ್ತಾರೆ.

ಶಿವರಾತ್ರಿ: ಇಡೀ ರಾತ್ರಿಯ ಪಟ್ಟಿ

ವರ್ಷದಲ್ಲಿ ಒಂದೇ ಒಂದು ದಿನ ಪಟ್ಟಿ ಮಾಡುವಷ್ಟು ವ್ಯವಧಾನ ನಿಮಗಿದ್ದರೆ ಶಿವರಾತ್ರಿಯನ್ನು ಆರಿಸಿಕೊಳ್ಳಿ. ಜಾಗರಣೆಗೆ ನಾಲ್ಕು ಯಾಮ. ಯಾಮಕ್ಕೊಂದು ಪೂಜೆ. ಹಿಂದೂಸ್ತಾನಿಯ ರಾತ್ರಿ ಪ್ರಹರಗಳೂ ನಾಲ್ಕೇ. ಎರಡೂ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಮಧ್ಯರಾತ್ರಿಯ ರಾಗ, ಬೆಳಗಿನ ಜಾವದ ರಾಗ ಅಂತ ಪುಸ್ತಕದಲ್ಲಿ ಓದಿದ್ದನ್ನು ಆಯಾ ಹೊತ್ತಿಗೇ ಎಚ್ಚರವಿದ್ದು ಕೇಳುವ ಅವಕಾಶ ಬೇರೆ ಯಾವತ್ತು ಸಿಗುತ್ತದೆ ಹೇಳಿ?

ಮೊದಲ ಯಾಮ, ಆರರಿಂದ ಒಂಬತ್ತು. ದೀಪ ಹಚ್ಚುವಾಗ ಗಂಗೂಬಾಯಿ ಹಾನಗಲ್ ಅವರ ಮಾರವಾ. ಆ ದಪ್ಪ ದನಿಯಲ್ಲಿ ಷಡ್ಜಕ್ಕೆ ಬರುವುದನ್ನೇ ತಡ ಮಾಡುತ್ತಾ ಹೋಗುವಾಗ ಹೊರಗೆ ನಿಜವಾಗಿಯೂ ಕತ್ತಲಾಗುತ್ತಿರುತ್ತದೆ. ಏಳೂವರೆ ಮೇಲೆ ಯಮನ್ ಅಥವಾ ಶುದ್ಧ ಕಲ್ಯಾಣ್. ಆಗ ಮನೆ ತುಂಬ ಜನ ಇರುತ್ತಾರೆ, ತೆರೆದ ರಾಗವೇ ಬೇಕು.

ಎರಡನೇ ಯಾಮಕ್ಕೆ ಶಂಕರಾ, ಹೆಸರಿಗೂ ಸರಿ, ಹೊತ್ತಿಗೂ ಸರಿ. ಇಲ್ಲಿ ಮಾತ್ರ ಹೆಸರು ನಂಬಿದರೂ ಮೋಸ ಇಲ್ಲ. ಆಮೇಲೆ ಬಾಗೇಶ್ರೀ. ನಡುವೆ ಬಾಯಿ ಬದಲಿಸಲು ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನ. ಅಕ್ಕಮಹಾದೇವಿಯ ‘ಅಕ್ಕ ಕೇಳವ್ವಾ’ ಅವರ ಬಾಯಲ್ಲಿ ಕೇಳಿದ ಮೇಲೆ ಹತ್ತು ನಿಮಿಷ ಏನೂ ಹಾಕಬೇಡಿ.

ಮೂರನೇ ಯಾಮ ಕಷ್ಟದ್ದು. ಹನ್ನೆರಡರಿಂದ ಮೂರು. ಮಕ್ಕಳು ಮಲಗಿರುತ್ತಾರೆ, ದೊಡ್ಡವರು ತೂಕಡಿಸುತ್ತಿರುತ್ತಾರೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಅಂದರೆ ನಿದ್ದೆ ಓಡಿಸಲು ಜೋರು ಸಂಗೀತ ಹಾಕುವುದು. ನನ್ನ ಅನುಭವದಲ್ಲಿ ಅದು ಅರ್ಧ ಗಂಟೆ ಕೆಲಸ ಮಾಡುತ್ತದೆ, ಆಮೇಲೆ ತಲೆನೋವು. ದರ್ಬಾರಿ ಕಾನಡಾದ ವಿಲಂಬಿತ್ (ನಿಧಾನ ಲಯದ ಹಾಡುಗಾರಿಕೆ) ಹಾಕಿ, ಬೆಳಕು ಕಡಿಮೆ ಮಾಡಿ, ಸ್ಪೀಕರ್ ಹತ್ತಿರ ಕೂತುಕೊಳ್ಳಿ. ಗಾಂಧಾರದ ಮೇಲೆ ಹಾಡುವವರು ಎಷ್ಟು ಹೊತ್ತು ತೂಗುತ್ತಾರೆ ಅಂತ ಸುಮ್ನೆ ಗಮನಿಸಿ. ಎಚ್ಚರ ತಾನಾಗಿ ಇರುತ್ತದೆ. ಎರಡರ ಸುಮಾರಿಗೆ ಮಾಲ್ಕೌಂಸ್.

ಕೊನೆಯ ಯಾಮಕ್ಕೆ ಮೊದಲು ಸೋಹನಿ. ಸಣ್ಣದು ಸಾಕು, ಮೇಲಿನ ಸ್ವರಗಳಲ್ಲೇ ಓಡಾಡುವ ಚುರುಕು ರಾಗ. ನಾಲ್ಕರ ಮೇಲೆ ಲಲಿತ್. ಹಕ್ಕಿಗಳು ಶುರು ಮಾಡುವ ಹೊತ್ತಿಗೆ ಮನ್ಸೂರರ ಶಿವಮತ್ ಭೈರವ್. ಅಪರೂಪದ ರಾಗಗಳನ್ನು ಮನ್ಸೂರರು ತಮ್ಮ ಮನೆಯ ಅಂಗಳದಲ್ಲಿ ಓಡಾಡಿದ ಹಾಗೆ ಹಾಡುತ್ತಿದ್ದರು. ಇದು ಅವುಗಳಲ್ಲಿ ಒಂದು. ರಾತ್ರಿಯೆಲ್ಲ ಕೇಳಿ ದಣಿದ ಕಿವಿಗೆ ಆ ದನಿ ಬಿದ್ದಾಗ ಮುಖ ತೊಳೆದ ಹಾಗಾಗುತ್ತದೆ.

ಕರ್ನಾಟಕ ಸಂಗೀತವೇ ಬೇಕು ಅನ್ನುವವರಿಗೆ ದೀಕ್ಷಿತರ ಪಂಚಭೂತ ಲಿಂಗ ಕೃತಿಗಳಿವೆ, ಐದು ಶಿವಕ್ಷೇತ್ರಗಳಿಗೆ ಒಂದೊಂದು. ಕಂಚಿಗೆ ಭೈರವಿ, ತಿರುವಾನೈಕ್ಕಾವಲ್‌ಗೆ ಯಮುನಾಕಲ್ಯಾಣಿ, ತಿರುವಣ್ಣಾಮಲೈಗೆ ಸಾರಂಗ, ಕಾಳಹಸ್ತಿಗೆ ಹುಸೇನಿ, ಚಿದಂಬರಕ್ಕೆ ಕೇದಾರ. ಯಾಮಕ್ಕೊಂದರಂತೆ ನಾಲ್ಕು, ಬೆಳಗಾದ ಮೇಲೆ ಐದನೆಯದು.

ಕ್ರಿಸ್‌ಮಸ್‌ಗೆ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲೂ ಹಬ್ಬದ ಲೆಕ್ಕ ಗಟ್ಟಿ. ಡಿಸೆಂಬರ್ ಬಂದರೆ ಹ್ಯಾಂಡೆಲ್‌ನ ‘ಮೆಸ್ಸಾಯ’ ಎಲ್ಲೆಡೆ ಕೇಳುತ್ತದೆ. ಆದರೆ ಅದು 1742ರಲ್ಲಿ ಡಬ್ಲಿನ್‌ನಲ್ಲಿ ಮೊದಲು ನುಡಿದದ್ದು ಏಪ್ರಿಲ್‌ನಲ್ಲಿ, ಈಸ್ಟರ್ ಸುತ್ತಿನ ಕಾಲದಲ್ಲಿ. ಕ್ರಿಸ್‌ಮಸ್‌ಗೆಂದೇ ಬರೆದದ್ದು ಬೇಕಾದರೆ ಬಾಖ್‌ನ 1734ರ ‘ಕ್ರಿಸ್‌ಮಸ್ ಒರಟೋರಿಯೊ’. ಅದರಲ್ಲಿ ಆರು ಭಾಗ. ಡಿಸೆಂಬರ್ 25ರಿಂದ ಜನವರಿ 6ರ ನಡುವಿನ ಆರು ಬೇರೆ ಬೇರೆ ದಿನಗಳಿಗೆ ಬರೆದದ್ದು. ಹಾಗೇ ಬಿಡಿಸಿ ಕೇಳಿ. ನಮ್ಮ ನವರಾತ್ರಿ ಕೃತಿಗಳ ಹಾಗೆಯೇ, ಅಲ್ವಾ?

ಮದುವೆ, ನಾಮಕರಣ, ತಿಥಿ

ಮದುವೆಗೆ ನಾಗಸ್ವರದವರನ್ನು ಕರೆಸಿದ್ದರೆ ಪಟ್ಟಿ ಅವರಿಗೇ ಬಿಡಿ. ಧಾರೆ ಹೊತ್ತಿಗೆ ಪುರೋಹಿತರು ಕೈ ಎತ್ತಿ “ಗಟ್ಟಿಮೇಳ, ಗಟ್ಟಿಮೇಳ” ಅನ್ನುತ್ತಾರೆ. ಆ ಕ್ಷಣಕ್ಕೆ ಡೋಲು ಏರಬೇಕು. ಅದನ್ನು ಯಾವ ರೆಕಾರ್ಡೂ ಮಾಡಲಾರದು. ಚಿಕ್ಕ ಮದುವೆ, ವಾದ್ಯದವರಿಲ್ಲ ಅಂದರೆ ಒಬ್ಬ ಹುಡುಗನನ್ನು ಪುರೋಹಿತರ ಕೈ ನೋಡುತ್ತಾ ಫೋನ್ ಹಿಡಿದು ನಿಲ್ಲಿಸಿ, ಅವನಿಗೆ ಬೇರೆ ಕೆಲಸ ಹೇಳಬೇಡಿ. ಅತಿಥಿಗಳು ಬರುವಾಗ ಬಿಸ್ಮಿಲ್ಲಾ ಖಾನ್ ಶಹನಾಯಿ ಹಳೆಯದಾಯಿತು ಅನ್ನುತ್ತಾರೆ. ನನಗೆ ಇನ್ನೂ ಹಳೆಯದಾಗಿಲ್ಲ. ಊಟದ ಹೊತ್ತಿಗೆ ಹಾಡುಗಾರಿಕೆ ಬೇಡ, ಕೊಳಲೋ ಸಂತೂರೋ ಇರಲಿ. ಬಡಿಸುವವರ ಕೂಗು ಕೇಳಿಸಬೇಕು.

ಆಹಿರಿ ರಾಗ ಬೆಳಿಗ್ಗೆ ಹಾಡಿದರೆ ಆ ದಿನ ಅನ್ನ ಸಿಗುವುದಿಲ್ಲ ಅನ್ನುವ ನಂಬಿಕೆ ಸಂಗೀತದವರಲ್ಲಿದೆ. ನಾನು ನಂಬುವುದಿಲ್ಲ. ಆದರೂ ಮದುವೆ ಮನೆ ಪಟ್ಟಿಯಲ್ಲಿ ಇಡುವುದಿಲ್ಲ. ಯಾಕೆ ಬೇಕು ಉಸಾಬರಿ? ಯಾರಾದರೂ ಹಿರಿಯರು ಗುರುತು ಹಿಡಿದರೆ ಸಾರು ಚೆಲ್ಲಿದ್ದಕ್ಕೂ ರಾಗವೇ ಕಾರಣ ಆಗುತ್ತದೆ.

ಸಾವಿನ ಮನೆಗೆ ನಾನು ಪಟ್ಟಿ ಮಾಡಿಕೊಡುವುದಿಲ್ಲ. ವೈಕುಂಠ ಸಮಾರಾಧನೆಗೆ, ವರ್ಷದ ತಿಥಿಗೆ ಕೇಳಿದರೆ ಒಂದೇ ಮಾತು: ಹೋದವರಿಗೆ ಯಾವುದು ಇಷ್ಟವಿತ್ತೋ ಅದು. ಅವರು ಬೆಳಿಗ್ಗೆ ರೇಡಿಯೋದಲ್ಲಿ ಏನು ಕೇಳುತ್ತಿದ್ದರು ಅಂತ ಮನೆಯವರನ್ನು ಕೇಳಿ. ಅದು ಶಾಸ್ತ್ರೀಯ ಅಲ್ಲದಿದ್ದರೂ ಅದೇ ಇರಲಿ.

ಪಟ್ಟಿ ಕೂಡಿಸುವಾಗ

ಇಷ್ಟೆಲ್ಲ ಆದ ಮೇಲೆ ಕಾಗದ ತೆಗೆದುಕೊಳ್ಳಿ. ಎಡಗಡೆ ಹೊತ್ತು ಬರೆಯಿರಿ, ಬಲಗಡೆ ಆ ಹೊತ್ತಿಗೆ ಮನೆಯಲ್ಲಿ ಏನು ನಡೆಯುತ್ತಿರುತ್ತದೆ ಅಂತ. ‘6:30 ಹಾಲು ಉಕ್ಕಿಸುವುದು’, ‘8:00 ತಿಂಡಿ’, ‘10:00 ಪೂಜೆ, ಮಂತ್ರ’. ಮಂತ್ರ ನಡೆಯುವಾಗ ಎದುರಿಗೆ ‘ಏನೂ ಬೇಡ’ ಅಂತ ಬರೆಯಿರಿ. ಅಡುಗೆ, ಅಲಂಕಾರ ನಡೆಯುವಾಗ ಗೊತ್ತಿರುವ ದೇವರನಾಮ. ಕೈ ಕೆಲಸ ಮಾಡುತ್ತಾ ಬಾಯಿ ಗುನುಗಬೇಕು. ಎಲ್ಲರೂ ಸುಮ್ಮನೆ ಕೂರುವ ಹೊತ್ತು ದಿನದಲ್ಲಿ ಒಂದು ಸಲ ಬರುತ್ತದೆ. ಆ ಅರ್ಧ ಗಂಟೆಗೆ ನಿಮ್ಮ ಇಷ್ಟದ ದೊಡ್ಡ ಕೃತಿ ಅಥವಾ ಹಿಂದೂಸ್ತಾನಿಯ ಖಯಾಲ್ ಇಡಿ.

ಒಂದು ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಸಂಗೀತ ಬೇಡ. ಶಿವರಾತ್ರಿ ಬಿಟ್ಟು.

ಖಯಾಲ್ ಆರಿಸುವಾಗ ಅವಧಿ ನೋಡಿ. ವಿಲಂಬಿತ್ ಸೇರಿದರೆ 40 ನಿಮಿಷವೂ ಆಗಬಹುದು. ಸಮಯ ಇಲ್ಲದಿದ್ದರೆ ‘ದ್ರುತ್’ (ಬೇಗದ ಲಯ) ಅಂತ ಸೇರಿಸಿ ಹುಡುಕಿ. ಹಳೆಯ 78 ಆರ್‌ಪಿಎಂ ತಟ್ಟೆಗಳ ಧ್ವನಿಮುದ್ರಣ ಸಿಕ್ಕಿದರೆ ಇನ್ನೂ ಒಳ್ಳೆಯದು. ಒಂದು ಬದಿಗೆ ಸುಮಾರು ಮೂರು ನಿಮಿಷ, ಇಡೀ ರಾಗದ ಸಾರ ಅದರಲ್ಲೇ. ಹಾಡಿನ ಹೆಸರು ಮಾತ್ರ ಹಾಕಿ ಹುಡುಕಿದರೆ ಸಿಂಥಸೈಜರ್ ಹಾಕಿದ್ದೇ ಮೊದಲು ಬರುತ್ತದೆ. ರಾಗದ ಹೆಸರು, ಹಾಡಿದವರ ಹೆಸರು ಎರಡನ್ನೂ ಸೇರಿಸಿ.

ಹಿಂದಿನ ದಿನ ಪ್ರತಿಯೊಂದನ್ನೂ ಎರಡು ನಿಮಿಷ ಕೇಳಿ. ಮನೆಯ ಹಿರಿಯರೊಬ್ಬರಿಗೂ ಕೇಳಿಸಿ. ನಾನು ಈಗ ದೊಡ್ಡಮ್ಮನಿಗೇ ಫೋನ್ ಮಾಡಿ ಕೇಳಿಸುತ್ತೇನೆ. ಕಳೆದ ಸಲ ತಮ್ಮನ ಮಗಳ ನಾಮಕರಣಕ್ಕೆ ನನ್ನ ಏಳು ಹಾಡಿನಲ್ಲಿ ಮೂರು ಹೊಡೆದು ಹಾಕಿದರು. “ಕೊನೇಲಿ ಮಧ್ಯಮಾವತಿ ಇದೆಯೇನೋ?” ಅಂತ ಕೇಳಿದರು. ಇತ್ತು. ನಡುವೆ ಏನಾದರೂ ತಪ್ಪು ನಡೆದಿದ್ದರೆ ಮಧ್ಯಮಾವತಿ ಸರಿ ಮಾಡುತ್ತದೆ ಅನ್ನುವುದು ಹಳೆಯ ನಂಬಿಕೆ. ಹಿಂದೂಸ್ತಾನಿ ಪಟ್ಟಿಯಾದರೆ ಕೊನೆಗೆ ಭೈರವಿ.

ಆಮೇಲೆ ಫೋನಿನಲ್ಲಿ ಆಟೋಪ್ಲೇ ಆಫ್ ಮಾಡಿ, ಹಾಡುಗಳನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಇಲ್ಲದಿದ್ದರೆ ಮಂಗಳ ಮುಗಿದು ಆರತಿ ತಟ್ಟೆ ಇನ್ನೂ ಕೈಯಲ್ಲಿರುವಾಗಲೇ ಸಿಮೆಂಟಿನ ಜಾಹೀರಾತು ಶುರುವಾಗುತ್ತದೆ.